ಅಪಸ್ಮಾರಕ್ಕೆ ಕಹಿಮದ್ದು

ಅಪಸ್ಮಾರಕ್ಕೆ ಎರಡು ಸಾವಿರ ವರ್ಷಗಳಿಂದ ವೈದ್ಯರು ಕೊಡುತ್ತ ಬಂದ ಮದ್ದುಗಳಲ್ಲಿ ಬಹುಪಾಲು ನಾಲಿಗೆಗೆ ಕಹಿ. ಮೆಡಿಟರೇನಿಯನ್ ಕರಾವಳಿಯ ಕಾಡುಈರುಳ್ಳಿ, ಹಿಮಾಲಯದ ಕಟುಕರೋಹಿಣಿ, ನೇಪಲ್ಸಿನ ವಲೇರಿಯನ್ ಬೇರು, ಇಂಗ್ಲೆಂಡಿನ ಡಿಜಿಟಾಲಿಸ್ ಎಲೆ, ಜರ್ಮನಿಯ ಮಗ್‌ವರ್ಟ್ ಬೇರು ಇವೆಲ್ಲ ಬೇರೆ ಬೇರೆ ಕುಲದ, ಬೇರೆ ಬೇರೆ ನೆಲದ ಗಿಡಗಳು. ಆದರೂ ಇವು ಒಂದೇ ರೋಗಕ್ಕೆ ಮದ್ದಾದದ್ದು ಆಕಸ್ಮಿಕವಲ್ಲ. ಮಿದುಳಿನ ದಾರಿಗಳಲ್ಲಿ ಕಫ ಕಟ್ಟಿಕೊಂಡಾಗ ಮನುಷ್ಯ ಎಚ್ಚರ ತಪ್ಪಿ ಬೀಳುತ್ತಾನೆ ಎಂದು ಗ್ರೀಕರು ನಂಬಿದ್ದರು. ದೋಷಗಳು ಕೆರಳಿ ಹೃದಯವನ್ನೂ ಮನಸ್ಸಿನ ಮಾರ್ಗಗಳನ್ನೂ ಮುಚ್ಚುತ್ತವೆ ಎಂದು ಭಾರತದ ವೈದ್ಯರು ಬರೆದರು. ಕಟ್ಟಿಕೊಂಡದ್ದನ್ನು ಕರಗಿಸಿ, ಒಣಗಿಸಿ, ಹೊರಹಾಕುವ ಶಕ್ತಿ ಕಹಿರಸಕ್ಕೆ ಇದೆ ಎಂಬ ವಿಷಯದಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ ಮಾತು.

ಹಿಪೊಕ್ರೇಟಸ್‌ನ ಹೆಸರಿನಲ್ಲಿ ಉಳಿದುಬಂದಿರುವ ‘ಪವಿತ್ರ ರೋಗವನ್ನು ಕುರಿತು’ ಎಂಬ ಗ್ರಂಥ ಕ್ರಿ.ಪೂ. 400ರ ಸುಮಾರಿನದು. ಅಪಸ್ಮಾರ ದೇವತೆಗಳ ಕೋಪದಿಂದ ಬರುತ್ತದೆ ಎಂದು ಜನ ನಂಬಿದ್ದ ಕಾಲದಲ್ಲಿ, ಉಳಿದ ರೋಗಗಳಿಗಿಂತ ಇದು ಹೆಚ್ಚು ಪವಿತ್ರವೇನೂ ಅಲ್ಲ, ಇದರ ಮೂಲ ಮಿದುಳು ಎಂದು ಆ ಗ್ರಂಥಕರ್ತ ಎದೆತಟ್ಟಿ ಹೇಳಿದ. ರೋಗಿ ಕಪ್ಪು ಬಟ್ಟೆ ತೊಡಬಾರದು, ಆಡಿನ ಚರ್ಮದ ಮೇಲೆ ಮಲಗಬಾರದು, ಈರುಳ್ಳಿ ಬೆಳ್ಳುಳ್ಳಿ ಮುಟ್ಟಬಾರದು ಎಂದು ಕಟ್ಟುಪಾಡು ಹಾಕಿ ಹಣ ಮಾಡುತ್ತಿದ್ದ ಮಾಂತ್ರಿಕರನ್ನು ಅವನು ಕಟುವಾಗಿ ಟೀಕಿಸಿದ. ಈ ರೋಗ ಬಂದ ಆಡಿನ ತಲೆ ಸೀಳಿದರೆ ಮಿದುಳು ನೀರು ತುಂಬಿ ನಾರುತ್ತಿರುವುದು ಕಾಣುತ್ತದೆ ಎಂಬುದು ಅವನು ಕೊಟ್ಟ ಸಾಕ್ಷಿ. ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಇದಕ್ಕಿಂತ ದಿಟ್ಟವಾದ ಬರಹಗಳು ಕಡಿಮೆ. ಆದರೆ ಕಾರಣವನ್ನು ಆಕಾಶದಿಂದ ತಲೆಬುರುಡೆಗೆ ಇಳಿಸಿದ ಆ ಗ್ರಂಥವೇ ಕಫದ ವಾದವನ್ನೂ ಬೇರೂರಿಸಿತು. ಮುಂದಿನ ಇಪ್ಪತ್ತು ಶತಮಾನ ಯುರೋಪಿನ ಔಷಧಿಗಳು ಆ ಕಫದ ಬೆನ್ನು ಹತ್ತಿದವು.

ರೋಮ್‌ನಲ್ಲಿ ಕ್ರಿ.ಶ. 2ನೇ ಶತಮಾನದಲ್ಲಿ ವೈದ್ಯನಾಗಿದ್ದ ಗ್ಯಾಲೆನ್ ಅಪಸ್ಮಾರ ಪೀಡಿತ ಹುಡುಗನೊಬ್ಬನಿಗಾಗಿ ಅವನ ತಂದೆಗೆ ಬರೆದ ಸಲಹಾಪತ್ರ ಇಂದಿಗೂ ಉಳಿದಿದೆ. ಹುಡುಗ ಬೆಳಿಗ್ಗೆ ಎದ್ದು ಎಷ್ಟು ನಡೆಯಬೇಕು, ಏನು ತಿನ್ನಬೇಕು, ಯಾವಾಗ ಪಾಠಕ್ಕೆ ಕೂರಬೇಕು ಎಂದು ದಿನಚರಿಯನ್ನೆಲ್ಲ ಹೇಳಿ, ಕೊನೆಗೆ ಗ್ಯಾಲೆನ್ ಕಾಡುಈರುಳ್ಳಿಯ ಮದ್ದನ್ನು ವಿವರಿಸುತ್ತಾನೆ. ಈ ಗೆಡ್ಡೆ ವಿಪರೀತ ಕಹಿ; ಹಸಿಯಾಗಿ ಮುಟ್ಟಿದರೆ ಚರ್ಮ ಕೆರೆಯುತ್ತದೆ, ಹೆಚ್ಚು ತಿಂದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಅದನ್ನು ಜೇನು ತುಂಬಿಟ್ಟಿದ್ದ ಜಾಡಿಗೆ ಹಾಕಿ, ಬಾಯಿ ಬಿಗಿದು, ಬೇಸಿಗೆಯ ಕಡುಬಿಸಿಲಿನಲ್ಲಿ ನಲವತ್ತು ದಿನ ಇಡಬೇಕು. ಒಳಗೆ ಇಳಿದ ರಸಕ್ಕೆ ಒಳ್ಳೆಯ ಜೇನು ಬೆರೆಸಿ ದಿನಕ್ಕೊಂದು ಚಮಚ, ಮಕ್ಕಳಿಗಾದರೆ ಸಣ್ಣ ಚಮಚ ಕೊಡಬೇಕು. ವಿಷದಂಥ ಕಹಿಯನ್ನು ಬಿಸಿಲು ಮತ್ತು ಜೇನಿನಿಂದ ಪಳಗಿಸಿ, ಪ್ರಮಾಣಕ್ಕೆ ಕಡಿವಾಣ ಹಾಕಿ ಮಗುವಿಗೆ ಕುಡಿಸಿದ ಆ ಎಚ್ಚರಿಕೆ ಗಮನಾರ್ಹ.

ಗ್ಯಾಲೆನ್‌ನ ಇನ್ನೊಂದು ಮದ್ದು ಪಿಯೊನಿ ಹೂಗಿಡದ ಬೇರು. ಆ ಬೇರನ್ನು ಕೊರಳಿಗೆ ಕಟ್ಟಿಕೊಂಡಿದ್ದ ಹುಡುಗನೊಬ್ಬನಿಗೆ ಎಂಟು ತಿಂಗಳು ಮೂರ್ಛೆ ಬಂದಿರಲಿಲ್ಲ. ಒಂದು ದಿನ ಬೇರು ಕಳಚಿ ಬಿದ್ದದ್ದೇ ಹುಡುಗ ಬಿದ್ದ. ಮತ್ತೆ ಕಟ್ಟಿದಾಗ ಸರಿಹೋದ. ಪರೀಕ್ಷಿಸಲೆಂದು ಗ್ಯಾಲೆನ್ ಬೇಕೆಂದೇ ಅದನ್ನು ಬಿಚ್ಚಿಸಿದ, ಸೆಳವು ಮರಳಿತು. ಹೊಸ ಬೇರು ಕಟ್ಟಿಸಿದ, ನಿಂತಿತು. ಬೇರಿನ ಕಣಗಳು ಉಸಿರಿನೊಂದಿಗೆ ಒಳಸೇರಿರಬೇಕು, ಇಲ್ಲವೇ ಅದರ ಸುತ್ತಲಿನ ಗಾಳಿ ಬದಲಾಗಿರಬೇಕು ಎಂದು ಅವನು ಕಾರಣ ಹುಡುಕಿದ. ಒಬ್ಬನೇ ರೋಗಿ, ನಾಲ್ಕಾರು ಸೆಳವು, ಇಷ್ಟರಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದು ಇಂದಿನ ಕಣ್ಣಿಗೆ ಸ್ಪಷ್ಟ. ಆದರೂ ಮದ್ದನ್ನು ತೆಗೆದು, ಮತ್ತೆ ಕೊಟ್ಟು ನೋಡಬೇಕೆಂಬ ಯೋಚನೆ ಅಂದಿಗೆ ಅಪರೂಪದ್ದು. ಅರಬ್ಬಿ ಗ್ರಂಥಗಳ ಮೂಲಕ ಇದೇ ಬೇರು ‘ಊದ್ ಸಲೀಬ್’ ಎಂಬ ಹೆಸರಿನಲ್ಲಿ ಯುನಾನಿ ವೈದ್ಯಕ್ಕೆ ಬಂತು. ಭಾರತದ ಹಕೀಮರು ಅದನ್ನು ಅಪಸ್ಮಾರಕ್ಕೆ ಬಳಸುತ್ತ ಬಂದರು.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಹತ್ತನೆಯ ಅಧ್ಯಾಯ ಇಡೀ ಅಪಸ್ಮಾರಕ್ಕೇ ಮೀಸಲು. ಕನ್ನಡದಲ್ಲಿ ಇಂದು ಮೂರ್ಛೆರೋಗ ಎನ್ನುವುದನ್ನೇ ಆ ಗ್ರಂಥ ಅಪಸ್ಮಾರ ಎನ್ನುತ್ತದೆ. ಬರಿಯ ಮೂರ್ಛೆ ಅದರ ಪ್ರಕಾರ ಬೇರೆ. ವಾತ, ಪಿತ್ತ, ಕಫ, ಮೂರೂ ಸೇರಿದ ಸನ್ನಿಪಾತ ಎಂದು ಅಪಸ್ಮಾರದಲ್ಲಿ ನಾಲ್ಕು ಬಗೆ. ವಾತದ್ದಕ್ಕೆ ಬಸ್ತಿ (ಎನಿಮಾ), ಪಿತ್ತದ್ದಕ್ಕೆ ವಿರೇಚನ (ಭೇದಿ), ಕಫದ್ದಕ್ಕೆ ವಮನ (ವಾಂತಿ) ಮುಖ್ಯ. ಹೀಗೆ ಶೋಧನೆ ಮಾಡಿ, ರೋಗಿಗೆ ಧೈರ್ಯ ಹೇಳಿದ ಮೇಲೆ ಶಮನದ ಮದ್ದು. ಅಲ್ಲಿ ಬರುವ ಮಹಾಪಂಚಗವ್ಯ ಘೃತದ ಸಾಮಗ್ರಿ ನೋಡಿದರೆ ಕಾಡೇ ಕಡಾಯಿಗೆ ಇಳಿದಂತೆ ಕಾಣುತ್ತದೆ. ದಶಮೂಲ, ತ್ರಿಫಲ, ಅರಿಸಿನ, ಕೊಡಸಿಗೆಯ ತೊಗಟೆ, ಮದ್ದಾಲೆಯ ತೊಗಟೆ, ಉತ್ತರಣೆ, ಕಕ್ಕೆ, ಕಟುಕರೋಹಿಣಿ ಇವುಗಳ ಕಷಾಯ. ಭೂನಿಂಬ, ಅಂದರೆ ಕಿರಾತಕಡ್ಡಿಯೂ ಸೇರಿದ ಇನ್ನೊಂದು ದೊಡ್ಡ ಗುಂಪಿನ ಕಲ್ಕ. ಜೊತೆಗೆ ಹಸುವಿನ ಹಾಲು, ಮೊಸರು, ಗಂಜಲ, ಸಗಣಿಯ ರಸ. ಎಲ್ಲವೂ ತುಪ್ಪದಲ್ಲಿ ಪಾಕವಾಗಬೇಕು. ಕೊಡಸಿಗೆ, ಮದ್ದಾಲೆ, ಕಟುಕರೋಹಿಣಿ, ಕಿರಾತಕಡ್ಡಿ ನಾಲ್ಕೂ ಹೆಸರಾಂತ ಕಹಿಗಳು.

ಈ ಕಹಿಗೆ ತುಪ್ಪ ಏಕೆ ಬೇಕಾಯಿತು ಎಂಬುದಕ್ಕೆ ಆಯುರ್ವೇದದ ರಸಸಿದ್ಧಾಂತದಲ್ಲೇ ಉತ್ತರವಿದೆ. ತಿಕ್ತರಸ, ಅಂದರೆ ಕಹಿ, ಕಫವನ್ನೂ ಪಿತ್ತವನ್ನೂ ಇಳಿಸುತ್ತದೆ, ವಾತವನ್ನು ಮಾತ್ರ ಏರಿಸುತ್ತದೆ. ಕೈಕಾಲು ಸೆಟೆದು ನಡುಗುವ ರೋಗದಲ್ಲಿ ವಾತ ಕೆರಳಿದರೆ ಅಪಾಯ. ವಾತವನ್ನು ತಣಿಸುವ ತುಪ್ಪದೊಳಗೆ ಕಹಿಯನ್ನು ಇಳಿಸಿದರೆ ಒಂದರ ದೋಷವನ್ನು ಇನ್ನೊಂದು ತಡೆಯುತ್ತದೆ. ಚರಕನ ಸೂತ್ರಸ್ಥಾನದ 26ನೇ ಅಧ್ಯಾಯ ತಿಕ್ತರಸದ ಗುಣಗಳನ್ನು ಹೇಳುವಾಗ ವಿಷ, ಕ್ರಿಮಿ, ತುರಿಕೆಗಳ ಜೊತೆಗೆ ಮೂರ್ಛೆಯನ್ನೂ ಅದು ಶಮನ ಮಾಡುತ್ತದೆ ಎನ್ನುತ್ತದೆ. ಅತಿಯಾಗಿ ಸೇವಿಸಿದರೆ ಅದೇ ರಸ ಮೋಹವನ್ನೂ ಭ್ರಮೆಯನ್ನೂ ತರುತ್ತದೆ ಎಂದು ಅಲ್ಲೇ ಎಚ್ಚರಿಸುತ್ತದೆ. ಕಹಿಮದ್ದಿನ ಮುಂದಿನ ಚರಿತ್ರೆಯಲ್ಲಿ ಈ ಎರಡನೆಯ ಮಾತೂ ಮೊದಲನೆಯದರಷ್ಟೇ ನಿಜವಾಯಿತು.

ಅಪಸ್ಮಾರದ ಅಧ್ಯಾಯದಲ್ಲೇ ಬರುವ ಬ್ರಾಹ್ಮೀ ಘೃತ ಮಹಾಪಂಚಗವ್ಯ ಘೃತಕ್ಕಿಂತ ಸರಳ. ಬ್ರಾಹ್ಮಿಯ ರಸ, ಬಜೆ, ಕೋಷ್ಠ, ಶಂಖಪುಷ್ಪಿ ಸೇರಿಸಿ ಹಳೆಯ ತುಪ್ಪದಲ್ಲಿ ಕಾಯಿಸುವುದು. ಹಳೆಯದೆಂದರೆ ಹತ್ತು ವರ್ಷ ಇಟ್ಟ, ಮೂಗಿಗೆ ಬಡಿಯುವ ವಾಸನೆಯ ತುಪ್ಪ. ಬ್ರಾಹ್ಮಿ ಎಂದರೆ ಜೌಗಿನಲ್ಲಿ ಹರಡುವ, ಬಲು ಕಹಿಯಾದ ನೀರುಬ್ರಾಹ್ಮಿ ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಕರ್ನಾಟಕದಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಎನ್ನುವ ರೂಢಿಯಿದೆ. ಮಲೆನಾಡು ಕರಾವಳಿಯ ಮನೆಗಳಲ್ಲಿ ಮಕ್ಕಳಿಗೆ ನೆನಪಿನ ಶಕ್ತಿ ಬರಲೆಂದು ತಂಬುಳಿ ಮಾಡುವುದು ಈ ಎಲೆಯಿಂದ. ಬಜೆಯ ಬೇರನ್ನು ತೇಯ್ದು ಹಸುಗೂಸಿನ ನಾಲಿಗೆಗೆ ಸವರುವ ಪದ್ಧತಿಯೂ ಹಳ್ಳಿಗಳಲ್ಲಿ ಉಳಿದಿದೆ. ಮದ್ದಿನಷ್ಟೇ ಮುಖ್ಯವಾದ ಇನ್ನೊಂದು ಮಾತನ್ನು ಚರಕ ಸೇರಿಸುತ್ತಾನೆ: ಅಪಸ್ಮಾರದ ರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಸದಾ ಕಾಯಬೇಕು. ಇಂದಿನ ನರರೋಗ ತಜ್ಞರು ರೋಗಿಯ ಮನೆಯವರಿಗೆ ಹೇಳುವುದೂ ಇದನ್ನೇ.

ಯುರೋಪಿನಲ್ಲಿ ಗ್ಯಾಲೆನ್‌ನ ಪಟ್ಟಿಗೆ ಹೊಸ ಗಿಡ ಸೇರಿಸಿದವನು ಸ್ವತಃ ರೋಗಿ. ನೇಪಲ್ಸಿನ ಫಾಬಿಯೊ ಕೊಲೊನ್ನನಿಗೆ ಚಿಕ್ಕಂದಿನಿಂದ ಅಪಸ್ಮಾರವಿತ್ತು. ವೈದ್ಯರ ಮದ್ದುಗಳಿಂದ ಗುಣ ಕಾಣದೆ ಅವನು ಹಳೆಯ ಗ್ರೀಕ್ ಗ್ರಂಥಗಳನ್ನು ತಾನೇ ಓದತೊಡಗಿದ. 1ನೇ ಶತಮಾನದ ಡಯಾಸ್ಕೊರಿಡಿಸ್ ‘ಫು’ ಎಂದು ಕರೆದ ಗಿಡ ಯಾವುದೆಂದು ಹುಡುಕುತ್ತ ವಲೇರಿಯನ್‌ಗೆ ಬಂದು ಮುಟ್ಟಿದ. ಅದರ ಬೇರಿನ ಪುಡಿ ಕಹಿ, ವಾಸನೆ ಅಸಹ್ಯ. ಅದನ್ನು ತೆಗೆದುಕೊಂಡು ತನಗೆ ಗುಣವಾಯಿತೆಂದು 1592ರಲ್ಲಿ ‘ಫೈಟೊಬಸಾನೊಸ್’ ಎಂಬ ಸಸ್ಯಗ್ರಂಥದಲ್ಲಿ ಬರೆದ. ಡಯಾಸ್ಕೊರಿಡಿಸ್ ಆ ಗಿಡವನ್ನು ಅಪಸ್ಮಾರಕ್ಕೆ ಹೇಳಿರಲೇ ಇಲ್ಲ. ಮೈ ಬೆಚ್ಚಗಾಗಿಸಲು, ಮೂತ್ರ ಇಳಿಸಲು ಹೇಳಿದ್ದ. ತನ್ನ ರೋಗಕ್ಕೆ ಮದ್ದು ಹುಡುಕಹೊರಟ ಒಬ್ಬ ಓದುಗನಿಂದ ಯುರೋಪಿನ ಸಸ್ಯವಿಜ್ಞಾನಕ್ಕೆ ಅದರ ಮೊದಲ ಶ್ರೇಷ್ಠ ಚಿತ್ರಗ್ರಂಥಗಳಲ್ಲೊಂದು ಸಿಕ್ಕಿತು, ಅಪಸ್ಮಾರಕ್ಕೆ ಮುಂದಿನ ಎರಡೂವರೆ ಶತಮಾನ ಬಾಳಿದ ಮದ್ದೂ ಸಿಕ್ಕಿತು. ಲೋಸಾನ್‌ನ ವೈದ್ಯ ಟಿಸ್ಸೊ 1770ರಲ್ಲಿ ಅಪಸ್ಮಾರದ ಮೇಲೆ ಬರೆದ ಗ್ರಂಥದಲ್ಲಿ ಹಳೆಯ ಮದ್ದುಗಳಲ್ಲಿ ಬಹಳಷ್ಟನ್ನು ತಳ್ಳಿಹಾಕಿದರೂ ವಲೇರಿಯನ್ ಬೇರಿಗೆ ಅಗ್ರಸ್ಥಾನ ಕೊಟ್ಟ.

ಈ ನಡುವೆ ಇಂಗ್ಲೆಂಡಿನ ಜಾನ್ ಪಾರ್ಕಿನ್ಸನ್ 1640ರ ತನ್ನ ಬೃಹತ್ ಸಸ್ಯಗ್ರಂಥದಲ್ಲಿ ಡಿಜಿಟಾಲಿಸ್ ಎಲೆಯ ಕಷಾಯವನ್ನು ಅಪಸ್ಮಾರಕ್ಕೆ ಹೇಳಿದ. ಮಿದುಳಿನ ರಚನೆಯನ್ನು ಅಷ್ಟು ಸೂಕ್ಷ್ಮವಾಗಿ ಬಿಡಿಸಿ ತೋರಿದ ವೈದ್ಯ ಥಾಮಸ್ ವಿಲ್ಲಿಸ್ ಸೆಳವು ಮಿದುಳಿನೊಳಗಿನ ಸ್ಫೋಟ ಎಂಬ ಹೊಸ ವಿವರಣೆ ಕೊಟ್ಟ. ಮದ್ದಿನ ವಿಷಯಕ್ಕೆ ಬಂದಾಗ ಮಾತ್ರ ಅವನೂ ಪಿಯೊನಿ ಬೇರಿಗೇ ಮರಳಿದ. ವಿಯೆನ್ನಾದಲ್ಲಿ ಕಿತ್ತಳೆ ಮರದ ಎಲೆಗಳ ಪುಡಿ ಕೆಲಕಾಲ ಹೆಸರು ಮಾಡಿತು.

ಜರ್ಮನಿಯಲ್ಲಿ 1824ರಲ್ಲಿ ಬುರ್ಡಾಖ್ ಎಂಬ ವೈದ್ಯ ಮಗ್‌ವರ್ಟ್ ಗಿಡದ ಬೇರನ್ನು ಮುಂದಕ್ಕೆ ತಂದ. ಕನ್ನಡಿಗರು ಗಣೇಶನ ಪತ್ರೆಗೂ ಹೂಮಾಲೆಗೂ ಬಳಸುವ ಮಾಚಿಪತ್ರೆ ಇದರ ಹತ್ತಿರದ ಬಳಗ. ಎಲೆ ಉಜ್ಜಿದರೆ ಬರುವ ಘಾಟು, ಅಗಿದರೆ ಉಳಿಯುವ ಕಹಿ ಎರಡಕ್ಕೂ ಸಮಾನ. ಯುರೋಪಿನ ಹಳ್ಳಿಗರಿಗೆ ಮಗ್‌ವರ್ಟ್ ಮೊದಲೇ ಪರಿಚಿತ. ನಡುಬೇಸಿಗೆಯ ಹಬ್ಬದಂದು ಈ ಗಿಡದ ಬುಡ ಅಗೆದರೆ ಸಿಗುವ ಇದ್ದಿಲಿನಂಥ ಕರಿತುಣುಕು ಅಪಸ್ಮಾರದಿಂದ ಕಾಯುತ್ತದೆ ಎಂದು ಅವರು ನಂಬಿದ್ದರು. ಬುರ್ಡಾಖ್ ಬೇರನ್ನು ಒಣಗಿಸಿ ಪುಡಿಮಾಡಿ, ಸೆಳವು ಬರುವ ಸೂಚನೆ ಕಂಡಾಗ ಬಿಸಿ ಬಿಯರಿನಲ್ಲಿ ಕದಡಿ ಕುಡಿಸಿ, ರೋಗಿಯನ್ನು ಹೊದಿಸಿ ಮಲಗಿಸಿ ಬೆವರಿಳಿಸಿದ. ಕೆಲವರಿಗೆ ಗುಣವಾದ ವರದಿಗಳು ಬಂದವು, ಬೇರೆಯವರು ಕೊಟ್ಟಾಗ ಅದು ಫಲಿಸಲಿಲ್ಲ.

ಹೀಗೆ ಮದ್ದುಗಳು ಮೆರೆದು ಮರೆಯಾದದ್ದಕ್ಕೆ ರೋಗದ ಸ್ವಭಾವವೇ ಒಂದು ಕಾರಣ. ಮೂರ್ಛೆ ಲೆಕ್ಕವಿಟ್ಟು ಬರುವುದಿಲ್ಲ. ಒಂದೇ ವಾರದಲ್ಲಿ ಮೂರು ಸಲ ಬಂದು, ಆಮೇಲೆ ಆರು ತಿಂಗಳು ಸುಳಿಯದಿರಬಹುದು. ಬಾಲ್ಯದ ಕೆಲವು ಬಗೆಯ ಅಪಸ್ಮಾರ ಹರೆಯದ ಹೊತ್ತಿಗೆ ತಾನಾಗಿಯೇ ನಿಲ್ಲುತ್ತದೆ. ಆ ಬಿಡುವಿನಲ್ಲಿ ಯಾವ ಬೇರು ಬಾಯಲ್ಲಿತ್ತೋ ಅದಕ್ಕೆ ಕೀರ್ತಿ ಬಂತು. ಮಗು ಕಣ್ಣೆದುರೇ ಸೆಟೆದು ಬೀಳುವುದನ್ನು ನೋಡಿದ ತಾಯಿತಂದೆ ಆ ಕೀರ್ತಿಯನ್ನು ನಂಬಿದ್ದರಲ್ಲಿ ಮೂಢತನವಿಲ್ಲ. ಅವರ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಎಲ್ಲ ಕಹಿಯೂ ನಿರುಪದ್ರವಿ ಆಗಿರಲಿಲ್ಲ. ಮಾಚಿಪತ್ರೆಯದೇ ಕುಲದ ವರ್ಮ್‌ವುಡ್ ಯುರೋಪಿನ ಅತಿ ಕಹಿ ಗಿಡಗಳಲ್ಲೊಂದು. ಜಂತುಹುಳುವಿಗೂ ಅಜೀರ್ಣಕ್ಕೂ ಅದು ಹಳೆಯ ಮದ್ದು. 19ನೇ ಶತಮಾನದ ಫ್ರಾನ್ಸಿನಲ್ಲಿ ಅದರಿಂದ ಮಾಡಿದ ಅಬ್ಸಿಂತ್ ಎಂಬ ಹಸಿರು ಮದ್ಯ ಜನಪ್ರಿಯವಾಯಿತು. ಅಬ್ಸಿಂತ್ ಕುಡುಕರಲ್ಲಿ ಮೂರ್ಛೆ ಹೆಚ್ಚೆಂದು ಕಂಡ ಪ್ಯಾರಿಸ್ಸಿನ ಮನೋವೈದ್ಯ ವಾಲೆಂತೆ ಮಾನ್ಯಾನ್ 1860ರ ದಶಕದಲ್ಲಿ ವರ್ಮ್‌ವುಡ್ ತೈಲವನ್ನು ಪ್ರಾಣಿಗಳಿಗೆ ಕೊಟ್ಟು ನೋಡಿದ. ಬರಿಯ ಆಲ್ಕೋಹಾಲ್ ಪಡೆದವು ಅಮಲೇರಿ ತೂರಾಡಿದವು, ತೈಲ ಪಡೆದವು ಸೆಳೆತ ಬಂದು ಬಿದ್ದವು. ಫ್ರಾನ್ಸ್ 1915ರಲ್ಲಿ ಅಬ್ಸಿಂತನ್ನು ನಿಷೇಧಿಸಿತು. ಆ ಕುಡುಕರ ರೋಗಕ್ಕೆ ತೈಲಕ್ಕಿಂತ ಅತಿಯಾದ ಆಲ್ಕೋಹಾಲೇ ಕಾರಣವಾಗಿತ್ತೆಂದು ಮುಂದಿನ ವಿಶ್ಲೇಷಣೆಗಳು ತೋರಿಸಿದವು. ಆದರೆ ತೈಲದೊಳಗಿನ ಥುಜೋನ್ ಸೆಳವು ತರಿಸಬಲ್ಲದೆಂಬ ಮಾತು ಉಳಿಯಿತು. ಮಿದುಳಿನ ಉದ್ರೇಕವನ್ನು ಹದ್ದಿನಲ್ಲಿಡುವ ‘ಗಾಬಾ’ ಎಂಬ ರಾಸಾಯನಿಕದ ಕೆಲಸವನ್ನು ಅದು ತಡೆಯುತ್ತದೆ ಎಂದು 2000ದಲ್ಲಿ ಪತ್ತೆಯಾಯಿತು.

ಪಶ್ಚಿಮಘಟ್ಟದ ಕಾಡುಗಳಲ್ಲೂ ಇಂಥ ಕಹಿಗಳಿವೆ. ಹೊಳೆಯಲ್ಲಿ ಮೀನು ಮತ್ತೇರಿ ತೇಲುವಂತೆ ಮಾಡಲು ಬಳಸುತ್ತಿದ್ದ ಕಾಕಮಾರಿ ಕಾಯಿಯಿಂದ 1812ರಲ್ಲಿ ಫ್ರೆಂಚ್ ರಸಾಯನಜ್ಞ ಬುಲ್ಲೆ ಪಿಕ್ರೊಟಾಕ್ಸಿನ್ ತೆಗೆದ. ಕಾಸರಕದ ಕುಲದ ಬೀಜದಿಂದ 1818ರಲ್ಲಿ ಪೆಲ್ಲೆತಿಯೆ ಮತ್ತು ಕಾವಂತೂ ಸ್ಟ್ರಿಕ್ನೀನ್ ಬೇರ್ಪಡಿಸಿದರು. ಎರಡೂ ಘೋರ ಕಹಿ, ಎರಡೂ ಸೆಳೆತ ತರಿಸುವ ವಿಷ. ಪಿಕ್ರೊಟಾಕ್ಸಿನ್‌ಗೆ ಆಮೇಲೆ ಬೇರೊಂದು ಉಪಯೋಗ ಸಿಕ್ಕಿತು: ಪ್ರಯೋಗಾಲಯದ ಇಲಿಗಳಿಗೆ ಅದರಿಂದ ಸೆಳವು ಬರಿಸಿ, ಹೊಸ ಮದ್ದು ಅದನ್ನು ತಡೆಯುತ್ತದೆಯೇ ಎಂದು ನೋಡುತ್ತಾರೆ.

ಅಪಸ್ಮಾರವನ್ನು ನಿಜವಾಗಿ ಹತೋಟಿಗೆ ತಂದ ಮೊದಲ ಮದ್ದು ಬಂದದ್ದು ಗಿಡದಿಂದಲ್ಲ, ಉಪ್ಪಿನಿಂದ. 1857ರ ಮೇ 11ರಂದು ಲಂಡನ್ನಿನ ವೈದ್ಯಸಂಘದಲ್ಲಿ ಸೀವ್‌ಕಿಂಗ್ ಎಂಬ ವೈದ್ಯ ತನ್ನ ಅಪಸ್ಮಾರ ರೋಗಿಗಳ ಬಗ್ಗೆ ಪ್ರಬಂಧ ಓದಿದ. ಚರ್ಚೆಯ ವೇಳೆ, ವಿಕ್ಟೋರಿಯಾ ರಾಣಿಯ ಹೆರಿಗೆ ವೈದ್ಯನಾಗಿದ್ದ ಚಾರ್ಲ್ಸ್ ಲೊಕಾಕ್, ಮುಟ್ಟಿನ ಕಾಲಕ್ಕೆ ಮೂರ್ಛೆ ಬರುವ ಹದಿನಾಲ್ಕೈದು ಹೆಂಗಸರಿಗೆ ಪೊಟ್ಯಾಸಿಯಂ ಬ್ರೋಮೈಡ್ ಕೊಟ್ಟೆನೆಂದೂ ಒಬ್ಬಳಿಗೆ ಮಾತ್ರ ಫಲಿಸಲಿಲ್ಲವೆಂದೂ ಹೇಳಿದ. ಮದ್ದು ಸರಿಯಾಗಿತ್ತು. ಕೆಲವೇ ವರ್ಷಗಳಲ್ಲಿ ಬ್ರೋಮೈಡ್ ಎಲ್ಲೆಡೆ ಹರಡಿ, ಬೇರು ತೊಗಟೆಗಳು ಆಸ್ಪತ್ರೆಯ ಕಪಾಟುಗಳಿಂದ ಇಳಿದವು. ಬ್ರೋಮೈಡಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ಮುಖದ ತುಂಬ ಮೊಡವೆ, ಮಂಕು, ತೂಕಡಿಕೆ. 1912ರಲ್ಲಿ ಜರ್ಮನಿಯ ಆಲ್‌ಫ್ರೆಡ್ ಹಾಪ್ಟ್‌ಮನ್ ಫೀನೋಬಾರ್ಬಿಟಾಲ್ ತಂದ. ಭಾರತದಲ್ಲಿ ಅದು ಗಾರ್ಡೆನಾಲ್ ಎಂಬ ಹೆಸರಿನಲ್ಲಿ ಪರಿಚಿತ. 1938ರಲ್ಲಿ ಬೋಸ್ಟನ್ನಿನ ಮೆರಿಟ್ ಮತ್ತು ಪಟ್ನಂ, ಬೆಕ್ಕುಗಳಲ್ಲಿ ವಿದ್ಯುತ್ತಿನಿಂದ ಸೆಳವು ತರಿಸಿ ಒಂದೊಂದಾಗಿ ರಾಸಾಯನಿಕಗಳನ್ನು ಪರೀಕ್ಷಿಸಿ, ಫೆನಿಟೊಯಿನ್ ಎಂಬ ಮದ್ದನ್ನು ಬಳಕೆಗೆ ತಂದರು.

ಕೊಲೊನ್ನನ ಬೇರು ಮತ್ತೆ ಕಾಣಿಸಿಕೊಂಡದ್ದು ಯಾರೂ ಎಣಿಸದ ದಾರಿಯಲ್ಲಿ. ವಲೇರಿಯನ್ ಬೇರಿನಲ್ಲಿರುವ ವಲೇರಿಕ್ ಆಮ್ಲಕ್ಕೆ ಹೋಲುವ ವಾಲ್‌ಪ್ರೊಯಿಕ್ ಆಮ್ಲವನ್ನು ಬರ್ಟನ್ ಎಂಬ ಅಮೆರಿಕನ್ ರಸಾಯನಜ್ಞ 1882ರಲ್ಲಿ ತಯಾರಿಸಿದ್ದ. ಎಂಬತ್ತು ವರ್ಷ ಅದು ಬೇರೆ ವಸ್ತುಗಳನ್ನು ಕರಗಿಸುವ ದ್ರಾವಕವಾಗಿಯೇ ಉಳಿದಿತ್ತು. 1962ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ, ಈಜಿಪ್ಟಿನ ಕಹಿ ಗಿಡವಾದ ಖೆಲ್ಲಾದ ಸತ್ವದಿಂದ ಹುಟ್ಟಿಸಿದ ಹೊಸ ಸಂಯುಕ್ತಗಳು ನೀರಿನಲ್ಲಿ ಕರಗದೆ ಹೋದಾಗ, ಸಂಶೋಧಕರು ಅವನ್ನು ಈ ಆಮ್ಲದಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪ್ರಯೋಗಿಸಿದರು. ಕೊಟ್ಟದ್ದೆಲ್ಲ ಸೆಳವನ್ನು ತಡೆಯಿತು. ಸಂಶಯ ಬಂದು ದ್ರಾವಕವನ್ನಷ್ಟೇ ಕೊಟ್ಟಾಗ ಅದೂ ತಡೆಯಿತು. 1967ರಲ್ಲಿ ಫ್ರಾನ್ಸಿನಲ್ಲಿ ಬಳಕೆಗೆ ಬಂದ ವಾಲ್‌ಪ್ರೊಯೇಟ್ ಇಂದು ಜಗತ್ತಿನ ಮುಖ್ಯ ಅಪಸ್ಮಾರ ಔಷಧಿಗಳಲ್ಲೊಂದು. ಗರ್ಭಿಣಿಯರು ತೆಗೆದುಕೊಂಡರೆ ಮಗುವಿಗೆ ಜನ್ಮದೋಷ ಬರುವ ಅಪಾಯವಿರುವುದರಿಂದ ಅದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆಯೂ ಇದೆ. ಇದರಿಂದ ವಲೇರಿಯನ್ ಬೇರು ಅಪಸ್ಮಾರವನ್ನು ಗುಣಪಡಿಸುತ್ತದೆಂದು ಸಿದ್ಧವಾಗುವುದಿಲ್ಲ. ಬೇರಿನ ಸತ್ವ ಬೇರೆ, ಪ್ರಯೋಗಾಲಯದಲ್ಲಿ ಕಟ್ಟಿದ ಅಣು ಬೇರೆ.

ಭಾರತದ ಕಹಿಬೇರುಗಳೂ ಪ್ರಯೋಗಾಲಯ ಸೇರಿದವು. ನೀರುಬ್ರಾಹ್ಮಿಯ ಬ್ಯಾಕೊಸೈಡ್‌ಗಳ ಮೇಲೆ ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಬಹಳ ಕೆಲಸ ನಡೆಯಿತು. ಅದರಲ್ಲಿ ನೆನಪಿನ ಶಕ್ತಿಯ ವಿಚಾರವೇ ಹೆಚ್ಚು. ಬಜೆಯಲ್ಲಿರುವ ಬೀಟಾ ಅಸರೋನ್ ಪ್ರಾಣಿಗಳಲ್ಲಿ ಗಡ್ಡೆ ಬೆಳೆಸಬಲ್ಲದೆಂದು ಕಂಡುಬಂದು, 1968ರಲ್ಲಿ ಅಮೆರಿಕ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಗಿಡಮೂಲಿಕೆಯೆಂದು ಮಾರುವ ಅಪಸ್ಮಾರದ ಮಾತ್ರೆಗಳಲ್ಲಿ ಗುಟ್ಟಾಗಿ ಫೀನೋಬಾರ್ಬಿಟಾಲ್ ಬೆರೆಸಿರುವುದು ಭಾರತದಲ್ಲೂ ಪತ್ತೆಯಾಗಿದೆ. ಅಂಥ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಸೆಳವು ಒಂದರ ಹಿಂದೆ ಒಂದು ಬಂದು ಪ್ರಾಣಕ್ಕೆ ಕುತ್ತಾಗಬಹುದು. ಒಳಗೇನಿದೆ ಎಂದೇ ತಿಳಿಯದ ರೋಗಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಅದೇ ಫೀನೋಬಾರ್ಬಿಟಾಲನ್ನು ಹೆಸರು ಹೇಳಿ, ಅಳತೆಯಿಟ್ಟು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮೈಸೂರು ಸೀಮೆಯ ಯಳಂದೂರು ತಾಲ್ಲೂಕಿನಲ್ಲಿ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು ತೋರಿಸಿದರು. ಹಳ್ಳಿಯ ರೋಗಿಗಳನ್ನು ಗುರುತಿಸಿ, ಅಗ್ಗದ ಫೀನೋಬಾರ್ಬಿಟಾಲ್ ಅಥವಾ ಫೆನಿಟೊಯಿನ್ ಮಾತ್ರೆ ಕೊಟ್ಟು, ವರ್ಷಗಟ್ಟಲೆ ಅವರ ಬೆನ್ನಿಗೆ ನಿಂತ ಆ ಕೆಲಸದ ಫಲ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಗಿಡದಿಂದ ನೇರವಾಗಿ ಬಂದು ಆಧುನಿಕ ಪರೀಕ್ಷೆಯನ್ನು ಗೆದ್ದ ಅಪಸ್ಮಾರದ ಮದ್ದಿಗೂ ಭಾರತದ ನಂಟಿದೆ. ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಓ'ಶಾನೆಸಿ 1839ರಲ್ಲಿ ಗಾಂಜಾದ ಔಷಧಗುಣಗಳ ಮೇಲೆ ಪ್ರಬಂಧ ಬರೆದ. ಅದರಲ್ಲಿ ನಲವತ್ತು ದಿನದ ಹಸುಗೂಸಿನ ಕಥೆಯೊಂದಿದೆ. ಪದೇ ಪದೇ ಸೆಳವು ಬರುತ್ತಿದ್ದ ಮಗುವಿಗೆ ಗಾಂಜಾದ ಟಿಂಚರನ್ನು ತೊಟ್ಟು ತೊಟ್ಟಾಗಿ ಕೊಟ್ಟು, ಅದು ಚೇತರಿಸಿಕೊಂಡದ್ದನ್ನು ಅವನು ದಾಖಲಿಸಿದ್ದಾನೆ. 2018ರಲ್ಲಿ ಅದೇ ಗಿಡದ ಕ್ಯಾನಬಿಡಿಯಾಲ್ ಎಂಬ, ಅಮಲೇರಿಸದ ಸತ್ವವನ್ನು ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡು ಕಠಿಣ ಬಾಲ್ಯ ಅಪಸ್ಮಾರಗಳಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿತು. ಅದನ್ನು ಎಳ್ಳೆಣ್ಣೆಯಲ್ಲಿ ಕರಗಿಸಿ, ಮಕ್ಕಳು ಕುಡಿಯುವಂತಾಗಲೆಂದು ಸಿಹಿಯನ್ನೂ ಸ್ಟ್ರಾಬೆರಿಯ ರುಚಿಯನ್ನೂ ಬೆರೆಸಿ ಕೊಡುತ್ತಾರೆ.